ಒಂದು ಪ್ರಶ್ನಾವಳಿಗೆ ಉತ್ತರ ಬರೆದ ಬಳಿಕ

ಕಳೆದ ಶ್ರಾವಣದ ಮಾತು. ಟಿಳಕವಾಡಿಯ ಮಳೆ ನಿಮಗೆಲ್ಲ ಗೊತ್ತೇ ಇದೆ, ಹಿಡಿದರೆ ಬಿಡದು. ಅಂಥದೊಂದು ಮಧ್ಯಾಹ್ನ, ಕೊಡೆ ಮಡಚಿ ಜಗುಲಿಯ ಮೂಲೆಗಿಟ್ಟು, ಎದೆಗವಚಿ ಹಿಡಿದಿದ್ದ ಪ್ಲಾಸ್ಟಿಕ್ ಚೀಲದಿಂದ ಒಂದಿಷ್ಟು ಹಾಳೆಗಳನ್ನು ಹೊರತೆಗೆದು ನನ್ನೆದುರು ಕುಳಿತವಳು ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೆಯ ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಬಾಯಿಪಾಠ ಮಾಡಲು ಅತ್ತವಳು. ಈಗ ಸಂಶೋಧನ ವಿದ್ಯಾರ್ಥಿನಿ.

“ಅಕ್ಕೋರ, ನೀವು ವಾರಕ್ಕೊಮ್ಮೆ ನಮ್ಮ ಲೈಬ್ರರಿಗೆ ಬರ್ತೀರಲ್ಲ, ನೀವೂ ಇದಕ್ಕ ಉತ್ತರಾ ಬರೀಬೇಕ್ರಿ” ಎಂದಳು.

ಅವಳ ಅಧ್ಯಯನದ ವಿಷಯ ಇಷ್ಟೇ: ವಿಶ್ವವಿದ್ಯಾಲಯದ ಆವರಣದೊಳಗೆ ಓಡಾಡುವವರಿಗೆ ತಾವು ಸುರಕ್ಷಿತರೆಂಬ ಭಾವನೆ ಎಷ್ಟರ ಮಟ್ಟಿಗೆ ಇದೆ, ಎಲ್ಲಿ ಇದೆ, ಎಲ್ಲಿ ಇಲ್ಲ. ಅದು ಯಾವ ವಿಶ್ವವಿದ್ಯಾಲಯವೆಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಉತ್ತರ ಕೊಟ್ಟವರ ಹೆಸರನ್ನೂ ಸ್ಥಳದ ಹೆಸರನ್ನೂ ಗುಟ್ಟಾಗಿಡುವೆನೆಂದು ಅವಳು ಎಲ್ಲರಿಗೂ ಮಾತು ಕೊಟ್ಟಿದ್ದಾಳೆ. ಗುರುವಾದವಳು ಶಿಷ್ಯೆಯ ಮಾತನ್ನು ಮುರಿಯಬಾರದು. ನಮ್ಮ ಬೆಳಗಾವಿಯ ಸುತ್ತಮುತ್ತ ಉನ್ನತ ಶಿಕ್ಷಣಕ್ಕೇನೂ ಕೊರತೆಯಿಲ್ಲ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 2010ರಲ್ಲಿ ಸ್ವತಂತ್ರವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಟಿಳಕವಾಡಿಯಲ್ಲಂತೂ ಕಾಲೇಜುಗಳ ಸಾಲೇ ಇದೆ. ಈ ಲೇಖನ ಯಾವ ಒಂದು ಸಂಸ್ಥೆಯ ಕುರಿತೂ ಅಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲ ಹಾಳೆಯಲ್ಲಿ ಪ್ರಶ್ನೆಗಳೇ ಇರಲಿಲ್ಲ. ಇದು ಯಾವ ಅಧ್ಯಯನ, ಯಾರು ನಡೆಸುತ್ತಿದ್ದಾರೆ, ಉತ್ತರಗಳನ್ನು ಏನು ಮಾಡಲಾಗುವುದು, ಹೆಸರು ಬರೆಯಬೇಕಾಗಿಲ್ಲ, ಇಷ್ಟವಿಲ್ಲದ ಪ್ರಶ್ನೆಯನ್ನು ಬಿಡಬಹುದು, ಯಾವ ಕ್ಷಣದಲ್ಲಾದರೂ ನಿಲ್ಲಿಸಿ ಎದ್ದುಹೋಗಬಹುದು, ಅದಕ್ಕೆ ಕಾರಣ ಹೇಳಬೇಕಾಗಿಲ್ಲ ಎಂದು ಬರೆದಿತ್ತು. ಕೆಳಗೆ ಒಪ್ಪಿಗೆಯ ಗುರುತು. ಅದನ್ನು ಓದುತ್ತ ನನಗೆ ಒಂದು ವಿಚಿತ್ರ ಸಂಕೋಚವಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತು ಸಾವಿರಾರು ಪ್ರಶ್ನೆ ಕೇಳಿದವಳು ನಾನು. ಕೇಳುವ ಮುನ್ನ ಒಮ್ಮೆಯಾದರೂ “ಕೇಳಲೇ?” ಎಂದು ಯಾವ ಮಗುವಿನ ಅಪ್ಪಣೆಯನ್ನೂ ಪಡೆದವಳಲ್ಲ. ನನ್ನ ಪ್ರಶ್ನೆಗಳಿಗೆಲ್ಲ ಸರಿಯುತ್ತರವೊಂದು ನನ್ನ ಕೈಯಲ್ಲಿ ಮೊದಲೇ ಇರುತ್ತಿತ್ತು. ಇಲ್ಲಿಯೋ ಸರಿಯುತ್ತರ ಉತ್ತರಿಸುವವರ ಬಳಿ ಮಾತ್ರ ಇರತಕ್ಕದ್ದು.

ನಾಲ್ಕನೆಯ ಪ್ರಶ್ನೆ ಹೀಗಿತ್ತು: ಕತ್ತಲಾದ ಮೇಲೆ ಆವರಣದಲ್ಲಿ ಒಬ್ಬರೇ ನಡೆಯುವಾಗ ನಿಮಗೆ ಎಷ್ಟು ಸುರಕ್ಷಿತವೆನಿಸುತ್ತದೆ? ಐದು ಆಯ್ಕೆಗಳಿದ್ದವು. ನಾನು ಯೋಚಿಸದೆಯೇ “ಸಾಕಷ್ಟು ಸುರಕ್ಷಿತ” ಎಂಬುದಕ್ಕೆ ಗುರುತು ಹಾಕಿದೆ. ಈ ವಯಸ್ಸಿನಲ್ಲಿ ನನಗೇನು ಭಯ ಎಂಬ ಜಂಬವೂ ಅದರೊಳಗೆ ಸೇರಿತ್ತೆಂದು ಕಾಣುತ್ತದೆ. ಐದನೆಯ ಪ್ರಶ್ನೆ: ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ ಹಾಗೆ ನಡೆದಿದ್ದೀರಿ? ಪೆನ್ನು ಅಲ್ಲಿಯೇ ನಿಂತಿತು. ಒಮ್ಮೆಯೂ ಇಲ್ಲ. ತಿಂಗಳೇಕೆ, ನಾನು ಅಲ್ಲಿಗೆ ಹೋಗತೊಡಗಿದ ಮೇಲೆ ಒಮ್ಮೆಯೂ ಇಲ್ಲ. ಐದು ಗಂಟೆ ಬಡಿಯುವ ಮೊದಲೇ ಪುಸ್ತಕ ಹಿಂದಿರುಗಿಸಿ, ಗೇಟಿನ ಹತ್ತಿರ ಬಂದು, ಅಣ್ಣನ ಮಗನ ಸ್ಕೂಟರಿಗಾಗಿ ಕಾಯುತ್ತ ನಿಲ್ಲುವವಳು ನಾನು. ಭಯವಾಗುವ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲವಾದ್ದರಿಂದ ನನಗೆ ಭಯವಿಲ್ಲ! ನಾಲ್ಕನೆಯ ಉತ್ತರವನ್ನು ಹೊಡೆದುಹಾಕಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಹುಡುಗಿ ಅವಸರ ಮಾಡಲಿಲ್ಲ.

ಈ ಎರಡು ಪ್ರಶ್ನೆಗಳನ್ನು ಒಂದರ ಪಕ್ಕ ಒಂದನ್ನು ಇಟ್ಟವರ ಜಾಣ್ಮೆಯನ್ನು ಆಮೇಲೆ ನಾನು ಅರಿತುಕೊಂಡೆ. ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಒಂದು ವಿರೋಧಾಭಾಸ ಕಂಡುಬಂದಿದೆಯಂತೆ: ಬೀದಿಯಲ್ಲಿ ನಡೆಯುವ ಹೊಡೆದಾಟ, ಸುಲಿಗೆಗಳಿಗೆ ದಾಖಲೆಗಳ ಪ್ರಕಾರ ಹೆಚ್ಚಾಗಿ ಗುರಿಯಾಗುವವರು ತರುಣರು, ಆದರೆ ಹೆಚ್ಚು ಭಯವನ್ನು ಹೇಳಿಕೊಳ್ಳುವವರು ಹೆಂಗಸರು ಮತ್ತು ವೃದ್ಧರು. “ಹೆಂಗಸರ ಭಯಕ್ಕೆ ಆಧಾರವಿಲ್ಲ” ಎಂದು ತೀರ್ಮಾನಿಸಿದವರೂ ಉಂಟು. ಅನಂತರ ಬಂದ ವಿದ್ವಾಂಸರು ಎರಡು ಮಾತು ಹೇಳಿದರು. ಹೆಂಗಸರಿಗೆ ಆಗುವ ಎಷ್ಟೋ ಕಿರುಕುಳಗಳು ಯಾವ ದಾಖಲೆಗೂ ಸೇರುವುದಿಲ್ಲ ಎಂಬುದು ಒಂದು. ಅವರು ಆ ಹೊತ್ತಿನಲ್ಲಿ ಆ ದಾರಿಗೆ ಹೋಗುವುದನ್ನೇ ಬಿಟ್ಟಿರುತ್ತಾರೆ, ಆದ್ದರಿಂದ ಅಲ್ಲಿ ಅವರಿಗೆ ಏನೂ ಆಗಿರುವುದಿಲ್ಲ ಎಂಬುದು ಇನ್ನೊಂದು. ಏನೂ ಆಗಲಿಲ್ಲವೆಂದರೆ ದಾರಿ ಸುರಕ್ಷಿತವೆಂದು ಅರ್ಥವಲ್ಲ. ನಡೆಯುವವರು ನಡೆಯುವುದನ್ನು ನಿಲ್ಲಿಸಿರಬಹುದು.

ಈ ಮಾತು ನನ್ನನ್ನು ನಾಲ್ಕು ದಶಕ ಹಿಂದಕ್ಕೆ ಒಯ್ದಿತು. ಎಂಬತ್ತರ ದಶಕದಲ್ಲಿ ನಮ್ಮ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿ ಮುಂದೆ ಕಾಲೇಜು ಸೇರಿದ ಹುಡುಗಿಯೊಬ್ಬಳಿದ್ದಳು. ಅವಳ ತಂದೆ ಖಾನಾಪುರದ ಕಡೆಯ ಹಳ್ಳಿಗೆ ಮನೆ ಬದಲಿಸಿದ್ದರಿಂದ ಅವಳು ರೈಲಿನಲ್ಲಿ ಬಂದು, ಬೆಳಗಾವಿ ನಿಲ್ದಾಣದಲ್ಲಿಳಿದು, ಟಿಳಕವಾಡಿಯವರೆಗೆ ನಡೆದು ಬರುತ್ತಿದ್ದಳು. ರೈಲ್ವೆ ಗೇಟಿನ ಆಚೆ, ಗಿಡಮರ ದಟ್ಟವಾಗಿದ್ದ ಒಂದು ಒಳದಾರಿ. ಒಂದು ಸಂಜೆ ಅವಳು ನನ್ನ ಮನೆಗೆ ಬಂದಳು. ಆ ದಾರಿಯಲ್ಲಿ ಕೆಲವರು ನಿಂತಿರುತ್ತಾರೆಂದಷ್ಟೇ ಹೇಳಿದಳು. ನಾನು ಅವಳಿಗೆ ಅವಲಕ್ಕಿ ಕೊಟ್ಟೆ, ಧೈರ್ಯ ಹೇಳಿದೆ. ತಲೆ ತಗ್ಗಿಸಿ ನಡೆ, ಯಾರ ಕಡೆಗೂ ನೋಡಬೇಡ, ಸಾಧ್ಯವಾದರೆ ಗೆಳತಿಯರ ಜೊತೆಗೆ ಬಾ ಎಂದು ಉಪದೇಶಿಸಿದೆ. ಅವಳು ತಲೆಯಾಡಿಸಿ ಹೋದಳು. ದೀಪಾವಳಿಯ ರಜೆಯ ಬಳಿಕ ಅವಳು ಕಾಲೇಜಿಗೆ ಮರಳಲಿಲ್ಲ. ಮರುವರ್ಷ ಮದುವೆಯ ಕಾಗದ ಬಂತು.

ಬಹುಕಾಲದ ನಂತರ ಒಂದು ಮದುವೆಮನೆಯಲ್ಲಿ ಅವಳನ್ನು ಕಂಡೆ. ಮೊಮ್ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಗುತ್ತಲೇ ಮಾತಾಡಿಸಿದಳು. ಆ ದಿನದ ಮಾತನ್ನು ನಾನೇ ಎತ್ತಿದೆ. ಅವಳಲ್ಲಿ ಸಿಟ್ಟೇನೂ ಇರಲಿಲ್ಲ. “ಅವತ್ತ ನೀವು ಕೇಳಿದ್ರ ಎಲ್ಲಾ ಹೇಳಬೇಕಂತನ ಬಂದಿದ್ದೆರಿ ಅಕ್ಕೋರ. ನೀವು ಹೇಳಿದ್ರಿ, ಕೇಳಲಿಲ್ಲ” ಎಂದಳು. ಊಟದ ಪಂಕ್ತಿಗೆ ಕರೆದರು. ಅಲ್ಲಿಗೆ ಮಾತು ಮುಗಿಯಿತು. ನನ್ನೊಳಗೆ ಮಾತ್ರ ಮುಗಿದಿಲ್ಲ. ಅವಳು ಯಾವ ಹಾಜರಿ ಪುಸ್ತಕದಲ್ಲಿಯೂ ಭಯದಿಂದ ಓದು ಬಿಟ್ಟವಳೆಂದು ದಾಖಲಾಗಿಲ್ಲ. “ಗೈರುಹಾಜರಿ” ಎಂದಿದೆ, ಅಷ್ಟೇ.

ದೆಹಲಿ ವಿಶ್ವವಿದ್ಯಾಲಯದ ಸುಮಾರು ನಾಲ್ಕು ಸಾವಿರ ವಿದ್ಯಾರ್ಥಿಗಳಿಂದ ಮಾಹಿತಿ ಪಡೆದು ಅರ್ಥಶಾಸ್ತ್ರಜ್ಞೆ ಗಿರಿಜಾ ಬೊರ್ಕರ್ ಅವರು ನಡೆಸಿದ ಅಧ್ಯಯನದ ವಿಚಾರವನ್ನು ಈ ಶಿಷ್ಯೆಯೇ ನನಗೆ ವಿವರಿಸಿದಳು. ಹೆಣ್ಣುಮಕ್ಕಳು ತಮ್ಮ ಅಂಕಗಳಿಗೆ ದೊರೆಯಬಹುದಾಗಿದ್ದ ಉತ್ತಮ ಕಾಲೇಜನ್ನು ಬಿಟ್ಟು, ಹೋಗಿಬರುವ ದಾರಿ ಹೆಚ್ಚು ಸುರಕ್ಷಿತವೆನಿಸುವ, ಗುಣಮಟ್ಟದಲ್ಲಿ ಬಹಳ ಕೆಳಗಿನ ಕಾಲೇಜನ್ನು ಆರಿಸಿಕೊಳ್ಳುತ್ತಾರೆ ಎಂಬುದು ಅದರ ಸಾರ. ಗಂಡುಮಕ್ಕಳು ಹೀಗೆ ತೆರುವ ಬೆಲೆ ತೀರ ಅಲ್ಪ. ಇದನ್ನು ಕೇಳಿದಾಗ ನನಗೆ ಆ ಹುಡುಗಿಯ ಮುಖ ಕಣ್ಣೆದುರು ಬಂತು. ಅವಳ ಹಣೆಬರಹವೆಂದು ನಾವು ಕೈಚೆಲ್ಲಿದ್ದು ಎಣಿಸಿ ತೋರಿಸಬಹುದಾದ ಸಂಗತಿಯಾಗಿತ್ತು. ಎಣಿಸಲು ಯಾರೂ ಬಂದಿರಲಿಲ್ಲ.

ಪ್ರಶ್ನಾವಳಿಯ ಬಳಿಕ ಇನ್ನೊಂದು ಸಂಜೆ ನಾವು ಕೆಲವರು ಆವರಣದಲ್ಲಿ ಒಟ್ಟಾಗಿ ನಡೆದೆವು. ಇದಕ್ಕೆ ಸುರಕ್ಷತಾ ನಡಿಗೆ ಎನ್ನುತ್ತಾರೆ. 1989ರಲ್ಲಿ ಕೆನಡಾದ ಟೊರಾಂಟೊ ನಗರದ ಮಹಿಳಾ ಸಂಘಟನೆಯೊಂದು ರೂಪಿಸಿದ ಪದ್ಧತಿಯಿದು. ನಮ್ಮಲ್ಲಿ ದೆಹಲಿಯ ಜಾಗೋರಿ ಸಂಸ್ಥೆ ಇದನ್ನು ಬಳಸಿತು. 2013ರಲ್ಲಿ ಆರಂಭವಾದ ಸೇಫ್ಟಿಪಿನ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಸ್ಥಳವೊಂದನ್ನು ಒಂಬತ್ತು ಅಂಶಗಳಿಂದ ಅಳೆಯುತ್ತಾರೆ: ಬೆಳಕು, ಬಯಲು, ನೋಡುವ ಕಣ್ಣುಗಳು, ಜನಸಂದಣಿ, ಕಾವಲು, ನಡೆಯುವ ದಾರಿ, ಬಸ್ಸು ರಿಕ್ಷಾಗಳ ಸೌಕರ್ಯ, ಅಲ್ಲಿ ಹೆಂಗಸರೂ ಇದ್ದಾರೆಯೇ ಎಂಬುದು, ಕೊನೆಯದಾಗಿ ಅಲ್ಲಿ ನಿಂತವರ ಭಾವನೆ. ಭಾವನೆಯೂ ಬೆಳಕಿನಷ್ಟೇ ಒಂದು ಅಂಶವೆಂದು ಎಣಿಸಿದ್ದು ನನಗೆ ಬಹಳ ಹಿಡಿಸಿತು.

ನಮ್ಮ ಜೊತೆಗೆ ಇಬ್ಬರು ಹುಡುಗರು, ಮೂವರು ಹುಡುಗಿಯರು, ಒಬ್ಬ ಕಾವಲುಗಾರ, ನಸುಕಿನಲ್ಲೇ ಬಂದು ಕಸ ಗುಡಿಸುವ ಒಬ್ಬ ಹೆಂಗಸು ಇದ್ದರು. ಎಲ್ಲರ ಕೈಯಲ್ಲಿಯೂ ಅದೇ ನಕಾಶೆ. ನೆಮ್ಮದಿಯೆನಿಸದ ಕಡೆ ಕೆಂಪು ಗುರುತು ಹಾಕಬೇಕು. ಹುಡುಗರ ನಕಾಶೆ ಹೆಚ್ಚುಕಡಿಮೆ ಖಾಲಿಯಿತ್ತು; ಹುಡುಗಿಯರದರಲ್ಲಿ ಹಿಂಬದಿಯ ದಾರಿ, ವಾಹನ ನಿಲುಗಡೆಯ ಮೂಲೆ, ಬಸ್ ನಿಲ್ದಾಣ ಎಲ್ಲವೂ ಕೆಂಪಾಗಿದ್ದವು. ಕಸ ಗುಡಿಸುವ ಹೆಂಗಸಿಗೆ ಕನ್ನಡದ ಓದು ಬಾರದು. ನಮ್ಮ ಊರಿನ ಪದ್ಧತಿಯಂತೆ ನಾನು ಮರಾಠಿಯಲ್ಲಿ ಕೇಳಿ ಕನ್ನಡದಲ್ಲಿ ಬರೆದೆ. ಆಕೆ ತೋರಿಸಿದ್ದು ಬೇರೆ ಯಾರೂ ಗುರುತಿಸದ ಜಾಗ: ಸಾಮಾನು ಇಡುವ ಕೋಣೆಯ ಮುಂದಿನ ಇಕ್ಕಟ್ಟಾದ ಓಣಿ. ಬೆಳಗಿನ ಐದೂವರೆಗೆ ಅಲ್ಲಿ ಪೊರಕೆ ತೆಗೆದುಕೊಳ್ಳಲು ಹೋಗುವವಳು ಆಕೆಯೊಬ್ಬಳೇ. ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲವಂತೆ. ಹುಡುಗರಲ್ಲೊಬ್ಬ, ತೀರ ಮೆತ್ತನೆಯ ಸ್ವಭಾವದವನು, ಕೊನೆಗೆ ತನ್ನ ಖಾಲಿ ನಕಾಶೆಯಲ್ಲಿ ವಸತಿನಿಲಯದ ಮೆಟ್ಟಿಲಿನ ಮೇಲೆ ಸಣ್ಣದೊಂದು ಗುರುತು ಹಾಕಿದ. ಏಕೆಂದು ನಾವು ಕೇಳಲಿಲ್ಲ, ಕೇಳಬಾರದೆಂದು ನಿಯಮವಿತ್ತು. ಗಂಡುಮಕ್ಕಳಿಗೆ ಭಯವಿಲ್ಲವೆಂದಲ್ಲ, ಹೇಳಿಕೊಳ್ಳುವ ಅಭ್ಯಾಸವಿಲ್ಲ ಎಂದು ನನಗೆ ಆಗ ತಿಳಿಯಿತು.

ಕನ್ನಡ ಕಲಿಸಿದವಳಾದ್ದರಿಂದ ಶಬ್ದಗಳ ಬಗೆಗೊಂದು ಮಾತು. ಭದ್ರತೆ, ರಕ್ಷಣೆ, ಕಾವಲು ಇವೆಲ್ಲ ಇನ್ನೊಬ್ಬರು ನಮಗೆ ಒದಗಿಸತಕ್ಕವು. ಗೋಡೆ, ಗೇಟು, ಕ್ಯಾಮೆರಾಗಳಿಂದ ಅವು ಬರುತ್ತವೆ. ನೆಮ್ಮದಿ, ನಿರ್ಭಯ ಇವು ನಮ್ಮೊಳಗೆ ಇರತಕ್ಕವು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇರುತ್ತದೆಂಬ ಭರವಸೆಯಿಲ್ಲ. ಕ್ಯಾಮೆರಾ ಎಷ್ಟಿವೆ ಎಂದು ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ನೆಮ್ಮದಿ ಎಷ್ಟಿದೆ ಎಂದು ತಿಳಿಯಲು ನಡೆಯುವವರನ್ನೇ ಕೇಳಬೇಕು.

ಹಾಗೆಂದು ಭಾವನೆಯೇ ಸರ್ವಸ್ವವೂ ಅಲ್ಲ. 2024ರ ಏಪ್ರಿಲ್ 18ರಂದು ನಮ್ಮ ನೆರೆಯ ಹುಬ್ಬಳ್ಳಿಯಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದದ್ದು ಕತ್ತಲಾಗುವ ಮುನ್ನ, ಕಾಲೇಜಿನ ಆವರಣದೊಳಗೇ. ಆರೋಪಿ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ. ಕತ್ತಲೆಯ ಮೂಲೆಗಳ ನಕಾಶೆಯಲ್ಲಿ ಆ ಜಾಗಕ್ಕೆ ಯಾರೂ ಕೆಂಪು ಗುರುತು ಹಾಕುತ್ತಿರಲಿಲ್ಲವೇನೋ. ಅಪಾಯ ಅಪರಿಚಿತರಿಂದಲೇ, ಇರುಳಲ್ಲೇ ಬರುತ್ತದೆಂಬ ನಮ್ಮ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. ಅಂತೆಯೇ 2022ರ ಅಕ್ಟೋಬರಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಡಿ ಸಿಲುಕಿ ತೀವ್ರವಾಗಿ ಗಾಯಗೊಂಡಳು, ಅನಂತರ ತೀರಿಕೊಂಡಳು. ಆವರಣದೊಳಗೆ ಹೊರಗಿನ ವಾಹನಗಳ ಸಂಚಾರವನ್ನು ನಿಲ್ಲಿಸಿರೆಂದು ವಿದ್ಯಾರ್ಥಿಗಳು ಪ್ರತಿಭಟಿಸಿದರು. ಸುರಕ್ಷತೆ ಎಂದೊಡನೆ ನಮಗೆ ಒಂದೇ ಬಗೆಯ ಭಯ ನೆನಪಾಗುತ್ತದೆ; ಅಲ್ಲಿ ನಿತ್ಯ ನಡೆಯುವವರಿಗೆ ಹತ್ತು ಬಗೆಯವು ಗೊತ್ತಿರುತ್ತವೆ.

ಇನ್ನು ನನ್ನ ಬಂಧುಗಳ ಆಕ್ಷೇಪಗಳಿಗೆ ಬರುತ್ತೇನೆ. ಹಬ್ಬಕ್ಕೆ ಕೂಡಿದಾಗ ಈ ವಿಷಯ ಎತ್ತಿದೆನಾದ್ದರಿಂದ ಎಲ್ಲರೂ ಒಂದೊಂದು ಮಾತು ಹೇಳಿದರು.

“ಇಂಥ ಹಾಳೆಗಳೆಲ್ಲ ಕಪಾಟಿನಲ್ಲಿ ಗೆದ್ದಲು ತಿನ್ನುತ್ತವೆ” ಎಂದರು ಒಬ್ಬರು. ಇರಬಹುದು. ಆದರೆ ನಾನು ತಿದ್ದಿದ ಉತ್ತರಪತ್ರಿಕೆಗಳೂ ಗೆದ್ದಲಿಗೇ ಹೋದವು. ಆದ್ದರಿಂದ ಪರೀಕ್ಷೆ ಬೇಡವೆಂದು ಯಾರೂ ಹೇಳಲಿಲ್ಲ. ಉತ್ತರಿಸಿದವರು ಫಲಿತಾಂಶವನ್ನು ಕೇಳಬೇಕು. ಇದು ಭಾಗವಹಿಸುವವರ ಹಕ್ಕೆಂದೇ ನಾನು ತಿಳಿಯುತ್ತೇನೆ.

“ಸಂಸ್ಥೆಗೆ ಕೆಟ್ಟ ಹೆಸರು” ಎಂದರು ಇನ್ನೊಬ್ಬರು. ಜ್ವರ ಅಳೆದದ್ದರಿಂದ ಜ್ವರ ಬಂತೆಂದು ಹೇಳುವ ವೈದ್ಯನಿಲ್ಲ. ದೂರೇ ಇಲ್ಲದ ಸಂಸ್ಥೆ ಒಳ್ಳೆಯದೆಂದು ನಾವು ಹೊಗಳುತ್ತ ಬಂದಿದ್ದೇವೆ. ದೂರು ಹೇಳುವ ಧೈರ್ಯವಿಲ್ಲದ ಸಂಸ್ಥೆಯಲ್ಲಿಯೂ ದೂರುಗಳಿರುವುದಿಲ್ಲ ಎಂಬುದನ್ನು ಮರೆತಿದ್ದೇವೆ.

ಮೂರನೆಯ ಆಕ್ಷೇಪ ನನ್ನ ಮೊಮ್ಮಗಳದು, ಅದೇ ಗಟ್ಟಿಯಾದದ್ದು. “ಅಜ್ಜಿ, ನಾವು ಭಯ ಅಂತ ಬರೆದರೆ ಹಾಸ್ಟೆಲಿನ ಬಾಗಿಲು ಇನ್ನೂ ಬೇಗ ಹಾಕ್ತಾರೆ. ಲೈಬ್ರರಿ ರಾತ್ರಿ ಹತ್ತರವರೆಗೂ ಇರ್ತದೆ, ಆದರೆ ನಮಗಲ್ಲ” ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ. ಹೆಣ್ಣುಮಕ್ಕಳ ಭಯದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನೇ ಕೂಡಿಹಾಕುವುದು ನಮ್ಮ ಹಳೆಯ ಚಾಳಿ. ನಾನು ಆ ಹುಡುಗಿಗೆ “ತಲೆ ತಗ್ಗಿಸಿ ನಡೆ” ಎಂದದ್ದೂ ಅದೇ ಅಲ್ಲವೇ? ದಾರಿಯಲ್ಲಿ ನಿಂತವರನ್ನು ಬಿಟ್ಟು ನಡೆಯುವವಳನ್ನು ತಿದ್ದಲು ಹೊರಟಿದ್ದೆ. ಆದರೆ ಈ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಲೈಂಗಿಕ ಕಿರುಕುಳ ತಡೆಗೆ ಹೊರಡಿಸಿದ 2015ರ ವಿನಿಯಮಗಳಲ್ಲಿ, ಸುರಕ್ಷತೆಯ ಕಾಳಜಿಯನ್ನು ಮುಂದೊಡ್ಡಿ ವಿದ್ಯಾರ್ಥಿನಿಯರ ವಸತಿನಿಲಯಗಳಿಗೆ ವಿದ್ಯಾರ್ಥಿಗಳಿಗಿಲ್ಲದ ತಾರತಮ್ಯದ ನಿಯಮಗಳನ್ನು ಹೇರಕೂಡದೆಂದು ಹೇಳಲಾಗಿದೆ. ಅದಕ್ಕೂ ಮೊದಲು, 2013ರಲ್ಲಿ, ಆಯೋಗದ ಕಾರ್ಯಪಡೆಯೊಂದು ‘ಸಕ್ಷಮ್’ ಎಂಬ ವರದಿಯನ್ನು ಕೊಟ್ಟಿತ್ತು. ದೀಪ ಹಾಕಿ, ಬಸ್ಸು ಬಿಡಿ, ಶೌಚಾಲಯ ಕಟ್ಟಿಸಿ, ಎಲ್ಲರಿಗೂ ಅರಿವು ಮೂಡಿಸಿ ಎಂದು ಕೇಳುವುದಕ್ಕೂ “ನಮ್ಮನ್ನು ಒಳಗಿಡಿ” ಎಂದು ಕೇಳುವುದಕ್ಕೂ ಅಜಗಜಾಂತರವಿದೆ. ಆ ಅಂತರವನ್ನು ಪ್ರಶ್ನಾವಳಿಯ ಕೊನೆಯ ಖಾಲಿ ಜಾಗದಲ್ಲಿ ನಾವೇ ಬರೆಯಬೇಕು. ಬರೆಯದೆ ಸುಮ್ಮನಿದ್ದರೆ ಬಾಗಿಲು ಹಾಕುವವರ ಕೆಲಸ ಇನ್ನೂ ಸುಲಭ.

ಆದ್ದರಿಂದ ಈಗ ಕಾಲೇಜುಗಳಲ್ಲಿ ಓದುತ್ತಿರುವ, ಕಲಿಸುತ್ತಿರುವ, ಮಕ್ಕಳನ್ನು ಕಳುಹಿಸಿರುವ ನನ್ನ ಶಿಷ್ಯರಿಗೆ ಕೆಲವು ಮಾತು. ಯಾರಾದರೂ ಇಂಥ ಹಾಳೆ ತಂದರೆ ಒಪ್ಪಿಗೆಯ ಪುಟವನ್ನು ಪೂರ್ತಿ ಓದಿ. ಹೆಸರು, ದೂರವಾಣಿ ಸಂಖ್ಯೆ ಬರೆಯಲೇಬೇಕೆಂದು ಒತ್ತಾಯಿಸಿದರೆ ಕಾರಣ ಕೇಳಿ, ಸಮಾಧಾನವಾಗದಿದ್ದರೆ ಬಿಟ್ಟುಬಿಡಿ. ಅಧ್ಯಾಪಕರು ನಿಮ್ಮ ಅಂಕಗಳನ್ನು ಕೈಯಲ್ಲಿ ಹಿಡಿದು “ತುಂಬು” ಎಂದರೆ ಅದು ಒಪ್ಪಿಗೆಯಾಗದು. ಹೇಗಿರಬೇಕೆಂದಲ್ಲ, ಹೇಗಿದೆಯೆಂದು ಬರೆಯಿರಿ. ನೀವು ಯಾವ ದಾರಿಯನ್ನು ಬಿಟ್ಟಿದ್ದೀರಿ, ಯಾವ ಹೊತ್ತನ್ನು ಬಿಟ್ಟಿದ್ದೀರಿ ಎಂಬುದನ್ನು ಮುಖ್ಯವಾಗಿ ಬರೆಯಿರಿ. ಗಂಡುಮಕ್ಕಳು “ಇದು ನಮಗಲ್ಲ” ಎನ್ನಬೇಡಿ.

ಒಂದನ್ನು ಮಾತ್ರ ಮರೆಯದಿರಿ. ಸಂಶೋಧನೆಯ ಹಾಳೆ ದೂರಿನ ಅರ್ಜಿಯಲ್ಲ. ಹೆಸರಿಲ್ಲದ ಉತ್ತರವನ್ನು ಹಿಡಿದು ಯಾರೂ ನಿಮ್ಮ ನೆರವಿಗೆ ಬರಲಾರರು. ಕಿರುಕುಳ ನಡೆದಿದ್ದರೆ ಸಂಸ್ಥೆಯ ಆಂತರಿಕ ದೂರು ಸಮಿತಿಗೆ ಲಿಖಿತ ದೂರು ಕೊಡಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕೆಂದು ನಿಯಮವಿದೆ, ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ನನ್ನ ಶಿಷ್ಯೆ ಮೊನ್ನೆ ಮತ್ತೆ ಬಂದಿದ್ದಳು. ಕೊಟ್ಟ ಮಾತಿನಂತೆ ಎರಡು ಪುಟದ ಸಾರಾಂಶವನ್ನು ಉತ್ತರಿಸಿದವರಿಗೆಲ್ಲ ಹಂಚುತ್ತಿದ್ದಾಳೆ. ಸಾಮಾನು ಕೋಣೆಯ ಓಣಿಗೆ ಒಂದು ದೀಪ ಬಂದಿದೆ. ಬಸ್ ನಿಲ್ದಾಣದಲ್ಲಿ ಏನೂ ಬದಲಾಗಿಲ್ಲ. ಬಂದದ್ದನ್ನೂ ಬಾರದ್ದನ್ನೂ ಅವಳು ಒಂದೇ ಸಮನಾಗಿ ಬರೆದಿದ್ದಾಳೆ. ಅದು ನನಗೆ ಸಂತೋಷ ಕೊಟ್ಟಿತು.

ನಾನು ಎಲ್ಲರಿಗೂ ಬೇಡುವುದಿಷ್ಟೇ. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮನೆಯ ಮಕ್ಕಳನ್ನು ಒಮ್ಮೆ ಕೇಳಿ: ನೀನು ಹೋಗಿಬರುವ ದಾರಿಯಲ್ಲಿ ಎಲ್ಲಿ ನಿನಗೆ ನೆಮ್ಮದಿಯಿಲ್ಲ? ಕೇಳಿದ ಮೇಲೆ ಉಪದೇಶ ಮಾಡಲು ಬಾಯಿ ತೆರೆಯಬೇಡಿ. ಉತ್ತರ ಬರುವವರೆಗೆ ಕಾಯಿರಿ. ನಾನು ಕಾಯಲಿಲ್ಲ.

ಎಲ್ಲರಿಗೂ ಒಳಿತಾಗಲಿ.